ಆರ್ಕಿಡ್‌ಗೆ ಯಾವ ಬಾರ್ಕ್ ಹಾಕಬೇಕು, ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕು?

ಬೆಂಗಳೂರಿನ ಬಾಲ್ಕನಿ, ನರ್ಸರಿಯಿಂದ ತಂದ ಮೂರು ಫೆಲನಾಪ್ಸಿಸ್ (ನರ್ಸರಿಗಳಲ್ಲಿ ಸಿಗುವ ಒಂದು ಬಗೆಯ ಆರ್ಕಿಡ್), ಒಂದರಲ್ಲಿ ಹೂವೂ ಇದೆ. ಕುಂಡಕ್ಕೆ ತುಂಬುವ ಬಾರ್ಕ್, ಅಂದರೆ ಮರದ ತೊಗಟೆಯ ಚೂರು, ವಿದೇಶಿಯದ್ದೇ ತರಿಸುವುದೋ, ಇಲ್ಲಿಯ ಅಗ್ಗದ್ದೇ ಸಾಕೋ ಅನ್ನುವ ಗೊಂದಲ. ಬಾರ್ಕ್ ಬೇಗ ಒಣಗುತ್ತದಲ್ಲ, ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿಬಿಡಲಾ ಅನ್ನುವ ಯೋಚನೆ. ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಯಾವಾಗಲೋ ಬರೆದು ಮರೆತಿದ್ದೇನಾ ಅನ್ನಿಸಿತು. ಬೆರೆಸಬೇಡಿ. ಅದೊಂದು ಮೊದಲು ಹೇಳಿಬಿಡುತ್ತೇನೆ. ಯಾಕೆ ಅನ್ನುವುದಕ್ಕೆ ನನ್ನ ನಾಲ್ಕು ಗಿಡ ಸತ್ತ ಕಥೆ ಹೇಳಬೇಕು.

ನಾನು ಶಿರಸಿ ಕಡೆಯವನು. ನಮ್ಮ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ಅನ್ನುವ ಕಾಡು ಆರ್ಕಿಡ್ ಇದೆ. ಮಳೆ ಹಿಡಿಯುವ ಹೊತ್ತಿಗೆ ಗುಲಾಬಿ ಚುಕ್ಕೆಯ ಬಿಳಿ ಹೂವಿನ ದಂಡೆ ನರಿಬಾಲದ ಹಾಗೆ ಜೋತುಬೀಳುತ್ತದೆ. ಅತ್ತೆಯರು ಮುಡಿಯುತ್ತಿದ್ದರು. ಅದಕ್ಕೆ ಯಾರಾದರೂ ಒಂದು ಚೊಂಬು ನೀರು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಕೆಲವರು ಅದನ್ನೂ ಬಂದಳಿಕೆ ಅಂದುಕೊಂಡು ಕಿತ್ತು ಎಸೆಯುತ್ತಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಇದು ಪಾಪ ಸುಮ್ನೆ ಕೂತಿರುತ್ತದೆ ಅಷ್ಟೇ. ಇಂಥ ಮನೆಯಲ್ಲಿ ಬೆಳೆದವನಿಗೆ ಆರ್ಕಿಡ್ ಸಾಕುವುದು ಏನು ಮಹಾ ಅಂತ ಒಂದು ಜಂಬ ಇತ್ತು.

2019ರ ಫೆಬ್ರವರಿಯಲ್ಲಿ ಒಂದು ನರ್ಸರಿಯಿಂದ ಐದು ಫೆಲನಾಪ್ಸಿಸ್ ತಂದೆ. ತೆಳು ಪ್ಲಾಸ್ಟಿಕ್ ಕುಂಡ, ಒಳಗೆ ಸ್ಫ್ಯಾಗ್ನಂ ಅನ್ನುವ, ನೀರು ಹೀರಿಕೊಳ್ಳುವ ಪಾಚಿ. ಹೂವು ಉದುರಿದ ಮೇಲೆ ಬಾರ್ಕ್‌ಗೆ ಬದಲಾಯಿಸಬೇಕು ಅಂತ ಎಲ್ಲೋ ಓದಿದ್ದೆ. ಎರಡು ಕಿಲೋ ಪೈನ್ ಬಾರ್ಕ್ ತರಿಸಿದೆ. ತುಂಬಾ ಶ್ರದ್ಧೆಯಿಂದ ಮಾಡಿದೆ ನೋಡಿ. ಜರಡಿ ಹಿಡಿದು ಪುಡಿ ತೆಗೆದೆ. ಇಪ್ಪತ್ನಾಲ್ಕು ಗಂಟೆ ಬಕೆಟ್‌ನಲ್ಲಿ ನೆನೆಹಾಕಿದೆ, ಮೇಲೆ ತೇಲುವ ಚೂರುಗಳ ಮೇಲೆ ತಟ್ಟೆ ಮುಚ್ಚಿ ಕಲ್ಲು ಹೇರಿದೆ. ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಅದನ್ನು ಚೆಲ್ಲಿ ಮತ್ತೊಮ್ಮೆ ತೊಳೆದೆ. ಇದೆಲ್ಲ ಸರಿಯೇ. ಇವತ್ತಿಗೂ ಹಾಗೇ ಮಾಡುತ್ತೇನೆ. ಒಣ ಬಾರ್ಕ್‌ಗೆ ನೀರು ಅಂದರೆ ಆಗುವುದಿಲ್ಲ. ನೆನೆಸದೆ ಹಾಕಿದರೆ ಮೇಲಿಂದ ಸುರಿದ ನೀರು ಕೆಸುವಿನೆಲೆ ಮೇಲಿನ ಹನಿಯಂತೆ ಜಾರಿ ತಳದ ತೂತಿನಿಂದ ಹೊರಗೆ ಹೋಗುತ್ತದೆ.

ತಪ್ಪಾಗಿದ್ದು ಆಮೇಲೆ. ಕುಂಡದಿಂದ ಗಿಡ ಹೊರಗೆ ಎಳೆದರೆ, ಬೇರುಗಳ ನಡುವೆ ಟೆನಿಸ್ ಚೆಂಡಿನಷ್ಟು ಗಾತ್ರದ ಪಾಚಿಯ ಮುದ್ದೆ. ಗಟ್ಟಿಯಾಗಿ ಅಮುಕಿದ್ದು. ಬೇರುಗಳು ಅದರೊಳಗೆ ಹೊಕ್ಕು, ಸುತ್ತಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿವೆ. ಬಿಡಿಸಲು ಹೋದರೆ ಬೇರು ಲಟಕ್ ಅಂತ ಮುರಿಯುತ್ತದೆ. ಒಂದು ಮುರಿಯಿತು, ನನಗೆ ಜೀವ ಹೋದ ಹಾಗಾಯಿತು. ಇರಲಿ ಬಿಡು, ಗಿಡಕ್ಕೆ ಅಭ್ಯಾಸ ಆದದ್ದೇ ಅಲ್ವಾ ಅಂದುಕೊಂಡು ಮುದ್ದೆಯನ್ನು ಹಾಗೇ ದೊಡ್ಡ ಕುಂಡದ ನಡುವೆ ಇಟ್ಟು ಸುತ್ತಲೂ ಬಾರ್ಕ್ ತುಂಬಿದೆ. ಮೇಲೂ ಒಂದು ಪದರ. ಐದೂ ಗಿಡಕ್ಕೆ ಹೀಗೇ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ನೀರಿಗೆ ನನ್ನ ನಿಯಮ ಒಂದೇ. ಬಾರ್ಕ್ ಒಣಗಿದರೆ ಹಾಕುವುದು. ಏಪ್ರಿಲ್ ತಿಂಗಳು, ಬೆಂಗಳೂರಿನ ಒಣ ಗಾಳಿ. ಎರಡನೇ ದಿನಕ್ಕೇ ಬಾರ್ಕ್ ಗಲಗಲ ಅನ್ನುತ್ತಿತ್ತು. ಹಾಕಿದೆ. ಮತ್ತೆರಡು ದಿನ, ಮತ್ತೆ ಹಾಕಿದೆ. ಜೂನ್ ಹೊತ್ತಿಗೆ ಎಲೆಗಳು ಸೊಪ್ಪಾದವು. ಒಣಗಿದ ಹಾಗಲಕಾಯಿ ಥರ ಸುಕ್ಕು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, ‘ನೀರು ಸಾಲ್ತಾ ಇಲ್ಲ ಅದಕ್ಕೆ’ ಅಂದಳು. ನನಗೂ ಹಾಗೇ ಕಂಡಿತು. ದಿನಾ ಹಾಕತೊಡಗಿದೆ. ಸುಕ್ಕು ಜಾಸ್ತಿ ಆಯಿತು. ಜುಲೈನಲ್ಲಿ ಒಂದು ಬೆಳಗ್ಗೆ ಎಲೆ ಒರೆಸೋಣ ಅಂತ ಹಿಡಿದರೆ, ಎಲೆಗಳ ಗುಚ್ಛ ಪೂರ್ತಿ ನನ್ನ ಕೈಗೇ ಬಂತು. ಬುಡ ಕಂದು, ಮೆತ್ತಗೆ.

ಅವತ್ತು ರಾತ್ರಿ ನೆಲದ ಮೇಲೆ ಪೇಪರ್ ಹಾಸಿ ಆ ಕುಂಡ ಬಗ್ಗಿಸಿದೆ. ಬಾರ್ಕ್ ಒಣ ಅವಲಕ್ಕಿಯ ಹಾಗೆ ಉದುರಿತು, ಅದರಲ್ಲಿ ಪಸೆಯೇ ಇಲ್ಲ. ನಡುವಿನ ಮುದ್ದೆ ಹಿಂಡಿದೆ. ಕಂದು ನೀರು ಮೊಣಕೈವರೆಗೂ ಇಳಿಯಿತು. ವಾಸನೆ ನನಗೆ ಚೆನ್ನಾಗಿ ಗೊತ್ತಿರುವಂಥದ್ದು, ಮಳೆಗಾಲದಲ್ಲಿ ಕೊಟ್ಟಿಗೆ ಹಿಂದೆ ರಾಶಿ ಬಿದ್ದ ಅಡಿಕೆ ಸಿಪ್ಪೆಯದ್ದು. ಒಂದು ಬೇರು ಹಿಡಿದು ಎಳೆದೆ. ಹೊರಗಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು, ಒಳಗೆ ಒಂದು ನೂಲಿನೆಳೆ ಉಳಿಯಿತು. ಎಲ್ಲಾ ಬೇರುಗಳೂ ಹೀಗೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆ ಇರಲಿ. ಈ ಒಂದು ವಿಷಯ ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಮೂರು ಸಾವಿರ ರೂಪಾಯಿ ಉಳಿಯುತ್ತಿತ್ತು. ನೆಲ ಒರೆಸುವ ಒದ್ದೆ ಬಟ್ಟೆಯೊಂದನ್ನು ಜಲ್ಲಿಕಲ್ಲಿನ ರಾಶಿಯ ನಡುವೆ ಹುಗಿದಿಡಿ ಅಂದುಕೊಳ್ಳಿ. ಎರಡು ದಿನ ಬಿಟ್ಟು ನೋಡಿದರೆ ಜಲ್ಲಿ ಒಣಗಿರುತ್ತದೆ, ಬಟ್ಟೆ ಒದ್ದೆಯೇ ಇರುತ್ತದೆ. ಬಟ್ಟೆಯ ನೀರನ್ನು ಜಲ್ಲಿ ಎಳೆದುಕೊಳ್ಳುವುದಿಲ್ಲ. ಸಣ್ಣ ಸಂದುಗಳಿರುವ ವಸ್ತು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ದೊಡ್ಡ ಸಂದುಗಳಿರುವುದು ಸಡಿಲ ಬಿಡುತ್ತದೆ. ಹಾಗಾಗಿ ನೀರು ದೊಡ್ಡ ಸಂದಿನದ್ದರಿಂದ ಸಣ್ಣ ಸಂದಿನದ್ದಕ್ಕೆ ಸುಲಭವಾಗಿ ಹೋಗುತ್ತದೆ, ಸಣ್ಣದ್ದರಿಂದ ದೊಡ್ಡದ್ದಕ್ಕೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಸ್ಫ್ಯಾಗ್ನಂ ಪಾಚಿ ತನ್ನ ಒಣ ತೂಕದ ಇಪ್ಪತ್ತು ಪಟ್ಟಿನಷ್ಟು ನೀರು ಹಿಡಿಯಬಲ್ಲದು. ಅದರ ಸುತ್ತ ಒಂದೂವರೆ ಇಂಚು ಬಾರ್ಕ್ ತುಂಬಿ ನಾನು ಮಾಡಿದ್ದೇನು? ಪಾಚಿಗೆ ಗಾಳಿ ತಾಗದ ಹಾಗೆ ಕಂಬಳಿ ಹೊದಿಸಿದ್ದು. ಪಾಚಿ ಬರಿದೇ ಇದ್ದಿದ್ದರೆ ವಾರದಲ್ಲಿ ಒಣಗುತ್ತಿತ್ತೇನೋ. ನಾನು ಹೊರಗಿನ ಬಾರ್ಕ್ ನೋಡಿ ನೀರು ಹಾಕುತ್ತಿದ್ದೆ, ಬೇರುಗಳಿದ್ದದ್ದು ಒಳಗಿನ ಪಾಚಿಯಲ್ಲಿ. ಹೊರಗಿನದು ಎರಡು ದಿನದ ಗಡಿಯಾರ, ಒಳಗಿನದು ಹದಿನೈದು ದಿನದ ಗಡಿಯಾರ. ನಾನು ನೋಡುತ್ತಿದ್ದ ಗಡಿಯಾರವೇ ಬೇರೆ.

ಇನ್ನು ಎಲೆಯ ಸುಕ್ಕು. ಬಾಯಾರಿದ ಗಿಡದ ಎಲೆಯೂ ಸುಕ್ಕಾಗುತ್ತದೆ, ಬೇರು ಕೊಳೆತ ಗಿಡದ ಎಲೆಯೂ ಸುಕ್ಕಾಗುತ್ತದೆ. ಕೊಳೆತ ಬೇರು ನೀರು ಕುಡಿಯುವುದಾದರೂ ಹೇಗೆ? ಕೊರಳುಮಟ್ಟ ನೀರಲ್ಲಿ ನಿಂತು ಗಿಡ ಬಾಯಾರಿ ಸತ್ತಿತು. ಎಲೆ ನೋಡಿ ನೀರಿನ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಈಗ ಸಿಟ್ಟೇ ಬರುತ್ತದೆ. ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟು.

ಕಥೆ ಇಲ್ಲಿಗೆ ಮುಗಿದಿದ್ದರೆ ಒಂದೇ ಗಿಡ ಹೋಗಿರುತ್ತಿತ್ತು. ಮುಗಿಯಲಿಲ್ಲ. ಮೊದಲನೇ ಗಿಡಕ್ಕೆ ಏನೋ ರೋಗ ಬಂದಿತ್ತು ಅಂತಲೇ ನಾನು ಅಂದುಕೊಂಡೆ. ಉಳಿದ ನಾಲ್ಕರಲ್ಲಿ ಒಂದು ಮಾತ್ರ ಚೆನ್ನಾಗಿತ್ತು. ಅದು ಯಾವುದು ಗೊತ್ತಾ? ಮೇ ತಿಂಗಳಲ್ಲಿ ನೆಲ ಒರೆಸುವಾಗ ಕೋಲು ತಾಗಿ ಕಟ್ಟೆಯಿಂದ ಬಿದ್ದದ್ದು. ಕುಂಡ ಒಡೆದು, ಪಾಚಿಯ ಮುದ್ದೆ ಸಿಡಿದು, ಫಿನಾಯಿಲ್ ನೀರಲ್ಲಿ ಹರಡಿಕೊಂಡಿತ್ತು. ಪಾಚಿಯೆಲ್ಲ ಗಲೀಜಾಯಿತಲ್ಲ ಅಂತ ನಲ್ಲಿ ಕೆಳಗೆ ಹಿಡಿದು ಪೂರ್ತಿ ತೊಳೆದು ಕಿತ್ತಿದ್ದೆ. ಅರ್ಧ ಬೇರು ಮುರಿದಿತ್ತು. ಇದು ಬದುಕುವುದಿಲ್ಲ ಅಂತ ಉಳಿದಿದ್ದ ಬಾರ್ಕ್‌ನಲ್ಲಿ ಹೇಗೋ ತುರುಕಿ, ವಾಷಿಂಗ್ ಮಷಿನ್ ಪಕ್ಕದ ಮೂಲೆಗೆ ತಳ್ಳಿದ್ದೆ. ಅದು ಹೊಸ ಎಲೆ ಬಿಟ್ಟು ನಿಂತಿದೆ!

ನಾನೆಂಥ ಜಾಣ ಅಂದರೆ, ಆ ಮೂಲೆಯ ಬೆಳಕೇ ಒಳ್ಳೆಯದು ಅಂತ ತೀರ್ಮಾನಿಸಿ ಉಳಿದ ಮೂರನ್ನೂ ಅಲ್ಲಿಗೆ ಸಾಗಿಸಿದೆ. ದಸರಾ ಮುಗಿಯುವುದರೊಳಗೆ ಮೂರೂ ಹೋದವು. ಆ ಮೂರನ್ನೂ ಒಂದೇ ದಿನ ಬಗ್ಗಿಸಿ, ಮೂರು ಒದ್ದೆ ಮುದ್ದೆ ಸಾಲಾಗಿ ಇಟ್ಟುಕೊಂಡು ಕೂತಾಗಲೇ ತಲೆಗೆ ಹೋಗಿದ್ದು. ಬಿದ್ದ ಗಿಡಕ್ಕೆ ಮುದ್ದೆ ಇರಲಿಲ್ಲ.

ಪಾಚಿ ಕೆಟ್ಟದ್ದು ಅಂತಲ್ಲ. ತೈವಾನಿನವರು ಫೆಲನಾಪ್ಸಿಸ್ ಬೆಳೆಸುವುದೇ ಸ್ಫ್ಯಾಗ್ನಂನಲ್ಲಿ. ನೆದರ್‌ಲೆಂಡ್ಸಿನವರು ಬಾರ್ಕ್‌ನಲ್ಲಿ. ಇಬ್ಬರ ಗಿಡಗಳೂ ದೇಶ ದೇಶಕ್ಕೆ ಹೋಗುತ್ತವೆ. ಪೂರ್ತಿ ಪಾಚಿ ಆದರೆ ಪಾಚಿಯ ಲೆಕ್ಕದಲ್ಲಿ ನೀರು, ಪೂರ್ತಿ ಬಾರ್ಕ್ ಆದರೆ ಬಾರ್ಕ್ ಲೆಕ್ಕದಲ್ಲಿ. ಒಂದೇ ಕುಂಡದಲ್ಲಿ ಎರಡು ಲೆಕ್ಕ ಇಟ್ಟರೆ ಕಷ್ಟ. ನಿಮ್ಮ ಕೊಕೊಪೀಟ್ ಯೋಚನೆಗೆ ನಾನು ಬೇಡ ಅಂದದ್ದು ಅದಕ್ಕೇ. ನೀರು ಹಾಕಿದ ಹಾಗೆ ಕೊಕೊಪೀಟ್ ಕೆಳಗೆ ಇಳಿದು ತಳದಲ್ಲಿ ಕೆಸರಾಗಿ ಕೂರುತ್ತದೆ. ಮೇಲೆ ಮಾತ್ರ ಚೆಂದದ ಬಾರ್ಕ್ ಕಾಣುತ್ತಿರುತ್ತದೆ. ಆರ್ಕಿಡ್ ಬೇರಿಗೆ ನೀರಿನಷ್ಟೇ ಗಾಳಿ ಬೇಕು. ಬಾರ್ಕ್ ಹಾಕುವುದೇ ಚೂರುಗಳ ನಡುವಿನ ಸಂದಿಗಾಗಿ. ಆ ಸಂದನ್ನೇ ಕೊಕೊಪೀಟ್‌ನಿಂದ ಮುಚ್ಚಿದ ಮೇಲೆ ಬಾರ್ಕ್‌ಗೆ ದುಡ್ಡು ಯಾಕೆ ಕೊಡಬೇಕು?

‘ಎಷ್ಟು ದಿನಕ್ಕೊಮ್ಮೆ’ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಪ್ರಶ್ನೆಯೇ ಸರಿಯಿಲ್ಲ. ನನ್ನ ಐದು ಇಂಚಿನ ಒಂದು ಕುಂಡವನ್ನು ಒಂದು ವರ್ಷ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೇನೆ. ಮನೆಯವರು ನಕ್ಕರು, ನಗಲಿ. ನೀರು ಹಾಕಿ ಬಸಿದ ಮೇಲೆ 540 ಗ್ರಾಂ. ಮತ್ತೆ ನೀರು ಬೇಕು ಅನ್ನುವ ಹೊತ್ತಿಗೆ 400ರ ಆಸುಪಾಸು. ಮಾರ್ಚ್‌ನಲ್ಲಿ 540ರಿಂದ 400ಕ್ಕೆ ಬರಲು ನಾಲ್ಕು ದಿನ ಸಾಕಾಯಿತು. ಜುಲೈನ ಜಿಟಿಜಿಟಿ ಮಳೆಯಲ್ಲಿ ಒಂಬತ್ತು ದಿನ. ಅದೇ ಕುಂಡ, ಅದೇ ಗಿಡ, ಅದೇ ಬಾಲ್ಕನಿ. ಈಗ ನೀವು ವಾರಕ್ಕೊಮ್ಮೆ ಅಂತ ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಂಡರೆ ಒಂದು ಕಾಲಕ್ಕೆ ಒಣಗಿಸುತ್ತೀರಿ, ಇನ್ನೊಂದು ಕಾಲಕ್ಕೆ ಕೊಳೆಸುತ್ತೀರಿ.

ತಕ್ಕಡಿ ಬೇಕಿಲ್ಲ. ಉರಿದು ಮುಗಿದ ಊದುಬತ್ತಿಯ ಕಡ್ಡಿ ಸಾಕು. ದೇವರ ಮನೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಎರಡು ಮೂರನ್ನು ಸೇರಿಸಿ ಕುಂಡದ ನಡುಮಧ್ಯಕ್ಕೆ, ಬುಡದ ಪಕ್ಕದಲ್ಲಿ, ತಳ ಮುಟ್ಟುವಷ್ಟು ಚುಚ್ಚಿ ಬಿಡಿ. ಹತ್ತು ನಿಮಿಷ ಬಿಟ್ಟು ಎಳೆದು ಕೆನ್ನೆಗೆ ಒತ್ತಿ. ತಣ್ಣಗಿದ್ದರೆ ಇವತ್ತು ನೀರು ಬೇಡ. ಬೆರಳಿಗಿಂತ ಕೆನ್ನೆ ಚೆನ್ನಾಗಿ ಹೇಳುತ್ತದೆ. ಪಾರದರ್ಶಕ ಕುಂಡ ಆದರೆ ಇನ್ನೂ ಸುಲಭ. ಆರ್ಕಿಡ್ ಬೇರಿನ ಮೇಲೆ ವೆಲಮೆನ್ ಅನ್ನುವ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಅದು ಬೆಳ್ಳಿ ಬಣ್ಣ, ಒದ್ದೆಯಾದ ಕೂಡಲೇ ಹಸಿರು. ಲೋಟದಿಂದ ಒಣ ಬೇರಿನ ಮೇಲೆ ನೀರು ಬಿಟ್ಟು ನೋಡಿ, ಕಣ್ಣೆದುರೇ ಬಣ್ಣ ಬದಲಾಗುತ್ತದೆ. ನನ್ನ ಮಗಳಿಗೆ ಅದು ಇವತ್ತಿಗೂ ಜಾದೂ. ಕುಂಡದ ಗೋಡೆಗೆ ಅಂಟಿದ ಬೇರುಗಳೆಲ್ಲ ಬೆಳ್ಳಿಯಾಗಿ, ಒಳಗೆ ಹನಿ ಕಟ್ಟುವುದು ನಿಂತ ಮೇಲೆ ನೀರು ಹಾಕಿ.

ಹಾಕುವಾಗ ಚಮಚದಲ್ಲಿ ಹಾಕಬೇಡಿ. ಬೆಳಗ್ಗೆ, ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಸುರಿಯಿರಿ. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಎಲೆಗಳ ನಡುವಿನ ಸುಳಿಯಲ್ಲಿ ನಿಂತರೆ ಟಿಶ್ಯೂ ಚೂರಿನಿಂದ ಹೀರಿಸಿ. ಊರಿಗೆ ಹೋಗಿ ಬಂದಾಗ ಬಾರ್ಕ್ ಪೂರ್ತಿ ಒಣಗಿಹೋಗಿದ್ದರೆ ಕುಂಡವನ್ನು ಕಾಲು ಗಂಟೆ ಬಕೆಟ್ ನೀರಲ್ಲಿ ಇಟ್ಟು ತೆಗೆಯಿರಿ, ಮೇಲಿಂದ ಸುರಿದರೆ ಹಿಡಿಯುವುದಿಲ್ಲ. ಒಂದೇ ಬಕೆಟ್ ನೀರಲ್ಲಿ ಮೂರೂ ಕುಂಡ ಅದ್ದಬೇಡಿ. ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ.

ಯಾವ ಬಾರ್ಕ್ ಅಂದಿರಿ. ನ್ಯೂಜಿಲೆಂಡಿನ ರೇಡಿಯಾಟಾ ಪೈನ್ ತೊಗಟೆ ಚೆನ್ನಾಗಿದೆ. ಗಟ್ಟಿ, ಚೂರುಗಳೆಲ್ಲ ಒಂದೇ ಅಳತೆ, ಪುಡಿ ಇಲ್ಲ. ಹಿಮಾಲಯದ ಕಡೆಯ ಚೀರ್ ಪೈನ್ ತೊಗಟೆ ಅಗ್ಗ, ಅದರಲ್ಲಿ ಪುಡಿ, ಕಡ್ಡಿ ಎಲ್ಲಾ ಬರುತ್ತದೆ. ಮೂರು ಪಟ್ಟು ಬೆಲೆ ಕೊಟ್ಟ ವಿದೇಶಿ ಬಾರ್ಕ್ ನನಗೆ ಮೂರು ವರ್ಷ ಬಂತು. ಜರಡಿ ಹಿಡಿದ ಅಗ್ಗದ್ದು ಎರಡು ವರ್ಷ ಬಂತು. ಲೆಕ್ಕ ನೀವೇ ಹಾಕಿ. ನಾನು ಅಗ್ಗದ್ದೇ ಬಳಸುತ್ತೇನೆ. ಯಾವುದು ತಂದರೂ ಚೂರುಗಳು ಒಂದರಿಂದ ಎರಡು ಸೆಂಟಿಮೀಟರ್ ಇರಲಿ, ಉಗುರು ಒತ್ತಿದರೆ ಒಳಗೆ ಇಳಿಯಬಾರದು. ಮರದ ಮಿಲ್ಲಿನಲ್ಲಿ ಅಕೇಶಿಯಾ ತೊಗಟೆ ಪುಕ್ಕಟೆ ಸಿಗುತ್ತದಲ್ಲ ಅಂತ ಊರಿಂದ ಒಂದು ಚೀಲ ತಂದಿದ್ದೆ. ಒಂದೇ ಮಳೆಗಾಲಕ್ಕೆ ನಾರುನಾರಾಗಿ ಅಣಬೆ ಎದ್ದಿತು. ಪೈನ್ ತೊಗಟೆಯ ಹಾಗೆ ತಾಳುವ ಗುಣ ಅದಕ್ಕಿಲ್ಲ.

ಮಂಗಳೂರು, ಉಡುಪಿ ಕಡೆಯವರು ಇದನ್ನು ಓದುತ್ತಿದ್ದರೆ ನನ್ನ ಮಾತು ಕೇಳಬೇಡಿ. ಅಲ್ಲಿಯ ಮಳೆಗೆ ಬಾರ್ಕ್ ಬೇಗ ಮೆತ್ತಗಾಗುತ್ತದೆ. ಇದ್ದಿಲು, ಹೆಂಚಿನ ಚೂರು ವಾಸಿ. ತೆಂಗಿನ ಸಿಪ್ಪೆಯ ತುಂಡು ಹಾಕುವುದಾದರೆ ನಾಲ್ಕೈದು ಸಲ ನೀರು ಬದಲಾಯಿಸಿ ನೆನೆಸಿ, ಅದರಲ್ಲಿ ಉಪ್ಪು ಇರುತ್ತದೆ.

ಉಪ್ಪು ಅಂದಾಗ ನೆನಪಾಯಿತು. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಬರುವ ಬೇಡದ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಿಮಗೂ ಇರಬಹುದು. ಬೆಂಗಳೂರಲ್ಲಿ ಅರ್ಧ ಜನ ಹಾಗೇ ಮಾಡುತ್ತಾರೆ. ಕ್ರೋಟನ್‌ಗೆ ಹಾಕಿ ಬೇಕಾದರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲಿ ಮಂದವಾಗಿರುತ್ತದೆ. ಬಾರ್ಕ್ ಮೇಲೆ ಬಿಳಿ ಪೊರೆ ಕಟ್ಟಿ, ಬೇರಿನ ಹಸಿರು ತುದಿ ಕಪ್ಪಾಗಿ ಸುಟ್ಟ ಹಾಗಾಗುತ್ತದೆ. ಮಳೆನೀರು ಸಿಕ್ಕರೆ ಹಿಡಿದಿಡಿ. ಇಲ್ಲದಿದ್ದರೆ ಕಾವೇರಿ ನೀರು. ಗೊಬ್ಬರ 19-19-19 ಪುಡಿ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವಂಥದ್ದು) ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಒದ್ದೆ ಬಾರ್ಕ್ ಮೇಲೆ. ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಬಾರ್ಕ್ ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕದಲ್ಲಿ ತಮ್ಮ ಪಾಲು ತಿಂದುಬಿಡುತ್ತವೆ. ಹಾಗಾಗಿ ಬಾರ್ಕ್‌ನಲ್ಲಿರುವ ಗಿಡವನ್ನು ಪೂರ್ತಿ ಉಪವಾಸ ಕೆಡವುವ ಹಾಗಿಲ್ಲ.

ಈಗ ನಿಮ್ಮ ಮೂರು ಗಿಡ. ಬಾರ್ಕ್ ಆರ್ಡರ್ ಮಾಡುವ ಮೊದಲು ಇವತ್ತು ಸಂಜೆ ಒಂದನ್ನು ಕುಂಡದಿಂದ ಎಳೆದು ನೋಡಿ. ನಡುವೆ ಪಾಚಿ ಅಥವಾ ತೆಂಗಿನ ನಾರಿನ ಮುದ್ದೆ ಇದ್ದೇ ಇರುತ್ತದೆ ಅಂತ ನನ್ನ ಅನುಮಾನ. ಕೆಲವಕ್ಕೆ ಅದರ ಸುತ್ತ ಪ್ಲಾಸ್ಟಿಕ್ ಬಲೆಯೂ ಇರುತ್ತದೆ, ಸಣ್ಣ ಕತ್ತರಿಯಲ್ಲಿ ಕತ್ತರಿಸಿ. ಬೇರುಸಮೇತ ಅರ್ಧ ಗಂಟೆ ನೀರಲ್ಲಿ ನೆನೆಹಾಕಿ. ನೆನೆದ ಬೇರು ಬಾಗುತ್ತದೆ, ಒಣ ಬೇರು ಮುರಿಯುತ್ತದೆ. ನಾನು ಮೊದಲ ಸಲ ಒಣಗಿದ್ದಾಗಲೇ ಬಿಡಿಸಲು ಹೋಗಿದ್ದೆ. ಆಮೇಲೆ ಚಿಮುಟದಲ್ಲಿ ಒಂದೊಂದೇ ಎಳೆ ಪಾಚಿ ತೆಗೆಯಿರಿ. ಒಂದು ಗಿಡಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಾಡು ಹಾಕಿಕೊಂಡು ಕೂರಿ. ಎರಡು ಮೂರು ಬೇರು ಮುರಿದೇ ಮುರಿಯುತ್ತವೆ. ಮುರಿಯಲಿ. ಫಿನಾಯಿಲ್ ನೀರಲ್ಲಿ ಬಿದ್ದು ಅರ್ಧ ಬೇರು ಕಳೆದುಕೊಂಡದ್ದು ನಮ್ಮನೆಯಲ್ಲಿ ಈಗ ಎರಡು ಹೂಗೊನೆ ಹೊತ್ತು ನಿಂತಿದೆ. ಕೊಳೆತದ್ದನ್ನು ಕತ್ತರಿಸಿ, ಬೇರು ಹಿಡಿಸುವಷ್ಟೇ ಗಾತ್ರದ ಕುಂಡ ತಗೊಳ್ಳಿ. ದೊಡ್ಡದು ಬೇಡವೇ ಬೇಡ. ನೆನೆಸಿದ ಬಾರ್ಕ್ ತುಂಬಿ ಕುಂಡವನ್ನು ಕೈಯಿಂದ ತಟ್ಟಿ, ಚೂರುಗಳು ತಾವೇ ಇಳಿದು ಕೂರುತ್ತವೆ.

ಒಂದು ಗಿಡದಲ್ಲಿ ಹೂವಿದೆ ಅಂತ ಬರೆದಿದ್ದೀರಿ. ಹೂವಿರುವಾಗ ಕುಂಡ ಬದಲಾಯಿಸಬಾರದು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ಕಾದಿದ್ದೆ. ಬೇರು ಎಲ್ಲಾ ಗಟ್ಟಿ ಇದ್ದರೆ ಕಾಯಿರಿ. ಮುದ್ದೆಯಿಂದ ಅಡಿಕೆ ಸಿಪ್ಪೆಯ ಆ ವಾಸನೆ ಬಂತು ಅಂದರೆ ಹೂಗೊನೆಯನ್ನು ಬುಡದಲ್ಲೇ ಕತ್ತರಿಸಿ ಒಂದು ಉದ್ದ ಲೋಟದಲ್ಲಿ ನೀರು ಹಾಕಿ ನಿಲ್ಲಿಸಿ. ಒಂದೆರಡು ವಾರ ಬಾಡದೆ ಇರಬಹುದು.